ಹಗಲಿನಲ್ಲಿ ಹಿಡಿಯುವ ನಿದ್ರೆ: ಒಂದು ರೋಗದ ಶೋಧನೆ

ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರನ್ನು ನಮ್ಮ ಆಯುರ್ವೇದದ ಆಚಾರ್ಯರು ದೇಹವನ್ನು ಎತ್ತಿಹಿಡಿಯುವ ಉಪಸ್ತಂಭಗಳೆಂದು ಕರೆದರು. ಇವುಗಳಲ್ಲಿ ಆಹಾರದ ವಿಷಯವನ್ನು ನಾವು ದಿನವೂ ಆಡುತ್ತೇವೆ. ನಿದ್ರೆಯ ಮಾತೆತ್ತುವುದು ಅದು ಕೆಟ್ಟಾಗ ಮಾತ್ರ. ಅದರಲ್ಲಿಯೂ ನಿದ್ರೆ ಬಾರದವನನ್ನು ಕಂಡು ಮರುಗುವ ನಾವು, ನಿದ್ರೆ ಹೆಚ್ಚಾದವನನ್ನು ಕಂಡು ನಗುತ್ತೇವೆ. ಅವನಿಗೆ ಕುಂಭಕರ್ಣನೆಂದು ಹೆಸರಿಡುತ್ತೇವೆ. ತರಗತಿಯಲ್ಲಿ ತೂಕಡಿಸುವ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುವುದು ಬಹುಕಾಲ ನಡೆದುಬಂದ ಪದ್ಧತಿ. ಸೋಮಾರಿತನವನ್ನು ಶಿಕ್ಷಿಸುತ್ತಿದ್ದೇವೆಂಬುದು ಶಿಕ್ಷಿಸುವವರ ನಂಬಿಕೆ.

ಆದರೆ ನಿಂತಲ್ಲಿಯೇ, ಉಣ್ಣುತ್ತಿರುವಾಗಲೇ, ಬರೆಯುತ್ತಿರುವಾಗಲೇ ನಿದ್ರೆ ಮೇಲೆರಗಿ ಬಂದು ಹಿಡಿಯುವ ಒಂದು ರೋಗ ಉಂಟು. ಅದಕ್ಕೆ ವೈದ್ಯರು ಇಟ್ಟ ಹೆಸರು ನಾರ್ಕೊಲೆಪ್ಸಿ. ಸುಮಾರು ಎರಡು ಸಾವಿರ ಜನರಲ್ಲಿ ಒಬ್ಬರಿಗೆ ಇದು ಇರಬಹುದೆಂದು ಅನೇಕ ದೇಶಗಳ ಲೆಕ್ಕಗಳು ಸೂಚಿಸುತ್ತವೆ. ಬಹುಮಟ್ಟಿಗೆ ಇದು ತಲೆದೋರುವುದು ಹತ್ತರಿಂದ ಇಪ್ಪತ್ತೈದು ವರ್ಷಗಳ ನಡುವೆ, ಎಂದರೆ ವಿದ್ಯಾರ್ಥಿದೆಸೆಯಲ್ಲಿಯೇ. ರೋಗ ತೊಡಗಿದಂದಿನಿಂದ ಅದರ ಹೆಸರು ತಿಳಿಯುವವರೆಗೆ ಹಲವರಿಗೆ ಹತ್ತು ವರ್ಷಗಳಷ್ಟು ಕಾಲ ಸಂದುಹೋಗುತ್ತದೆ. ಆ ಕಾಲವೆಲ್ಲ ರೋಗಿಯು ಮೈಗಳ್ಳನೆಂಬ ನಿಂದೆಯನ್ನು ಹೊರಬೇಕಾಗುತ್ತದೆ. ಆದುದರಿಂದ ಈ ರೋಗದ ವಿಚಾರವನ್ನೂ, ಇದರ ಗುಟ್ಟನ್ನು ವಿಜ್ಞಾನಿಗಳು ಬಿಡಿಸಿದ ಬಗೆಯನ್ನೂ ವಿದ್ಯಾರ್ಥಿಗಳ ಮತ್ತು ಅವರ ತಾಯ್ತಂದೆಗಳ ಮುಂದೆ ಇಡುವುದು ಉಚಿತವೆಂದು ಭಾವಿಸಿದ್ದೇವೆ.

ತೂಕಡಿಕೆಯೆಲ್ಲ ರೋಗವಲ್ಲ

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಶಾಲೆಯಲ್ಲಿ ತೂಕಡಿಸುವ ನೂರು ಮಕ್ಕಳಲ್ಲಿ ಬಹುಪಾಲಿನವರಿಗೆ ಯಾವ ರೋಗವೂ ಇಲ್ಲ. ಅವರಿಗೆ ಇರುವುದು ನಿದ್ರೆಯ ಸಾಲ. ರಾತ್ರಿಯಿಡೀ ಬಯಲಾಟ ನೋಡಿ ಮುಂಜಾನೆ ಮನೆಗೆ ಬಂದ ಹುಡುಗ ಮರುದಿನ ಗಣಿತದ ಪಾಠದಲ್ಲಿ ಕಣ್ಣು ಮುಚ್ಚಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಈಗಿನ ದಿನಗಳಲ್ಲಿ ಬಯಲಾಟಕ್ಕಿಂತಲೂ ಅಂಗೈಯಲ್ಲಿರುವ ಮೊಬೈಲ್ ಫೋನು ಹೆಚ್ಚು ರಾತ್ರಿಗಳನ್ನು ಕದಿಯುತ್ತಿದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟು ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಸಂಸ್ಥೆ 2016ರಲ್ಲಿ ನಿರ್ಣಯಿಸಿತು.

ಬೆಳೆದಂತೆಲ್ಲ ಮಕ್ಕಳಿಗೆ ನಿದ್ರೆ ಕಡಮೆ ಸಾಕೆಂಬ ನಂಬಿಕೆ ನಮ್ಮಲ್ಲಿ ಉಂಟು. ಮೇರಿ ಕಾರ್ಸ್ಕಡನ್ ಎಂಬ ಸಂಶೋಧಕಿ 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಕ್ಕಳಿಗಾಗಿ ಬೇಸಗೆಯ ಶಿಬಿರವೊಂದನ್ನು ನಡೆಸಿ, ಅವೇ ಮಕ್ಕಳನ್ನು ವರ್ಷವರ್ಷವೂ ಕರೆಸಿ, ಹತ್ತು ಗಂಟೆಗಳ ಕಾಲ ಹಾಸಿಗೆಯಲ್ಲಿರಲು ಅವಕಾಶವಿತ್ತು ಪರೀಕ್ಷಿಸಿದರು. ವಯಸ್ಸು ಏರಿದರೂ ಮಕ್ಕಳು ನಿದ್ರಿಸುವ ಕಾಲ ಸುಮಾರು ಒಂಬತ್ತು ಗಂಟೆಗಳಿಂದ ಇಳಿಯಲಿಲ್ಲ. ಅಷ್ಟು ನಿದ್ರಿಸಿಯೂ ಹರೆಯಕ್ಕೆ ಕಾಲಿಟ್ಟವರಿಗೆ ಮಧ್ಯಾಹ್ನದ ಹೊತ್ತಿನ ಜೊಂಪು ಚಿಕ್ಕವರಿಗಿಂತ ಹೆಚ್ಚಾಗಿಯೇ ಇತ್ತು. ದೊಡ್ಡ ತರಗತಿಗಳ ವಿದ್ಯಾರ್ಥಿಗಳ ನಿದ್ರೆಯನ್ನು ಕಡಿದು ಓದಿನ ಹೊತ್ತನ್ನು ಹೆಚ್ಚಿಸುವವರು ಈ ಫಲಿತಾಂಶವನ್ನು ನೆನಪಿನಲ್ಲಿಡಬೇಕು.

ಸಾಲವನ್ನು ತೀರಿಸಿದರೆ ಸಾಲದ ತೂಕಡಿಕೆ ಹೋಗುತ್ತದೆ. ಎರಡು ಮೂರು ವಾರ ಹೊತ್ತಿಗೆ ಸರಿಯಾಗಿ, ಸಾಕಷ್ಟು ನಿದ್ರಿಸಿದ ಮೇಲೆಯೂ ಹಗಲಿನ ನಿದ್ರೆ ಬಿಡದಿದ್ದರೆ ಬೇರೆ ಕಾರಣವನ್ನು ಹುಡುಕಬೇಕು. ರಾತ್ರಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟುವ ತೊಂದರೆ, ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ದೋಷ, ಕೆಲವು ಔಷಧಗಳು, ಮನಸ್ಸಿನ ಕುಗ್ಗುವಿಕೆ, ಇವೆಲ್ಲ ಆ ಕಾರಣಗಳಲ್ಲಿ ಸೇರಿವೆ. ಇವು ಯಾವುವೂ ಅಲ್ಲವೆಂದು ತಿಳಿದ ಬಳಿಕ ವೈದ್ಯರ ಗಮನ ನಾರ್ಕೊಲೆಪ್ಸಿಯ ಕಡೆಗೆ ಹರಿಯಬೇಕು.

ರೋಗದ ಲಕ್ಷಣಗಳು

ಜರ್ಮನಿಯ ಕಾರ್ಲ್ ವೆಸ್ಟ್‌ಫಾಲ್ ಎಂಬ ವೈದ್ಯನು 1877ರಲ್ಲಿ ಈ ರೋಗದ ವರ್ಣನೆಯನ್ನು ಕೊಟ್ಟನು. ಮೂರು ವರ್ಷಗಳ ಬಳಿಕ, 1880ರಲ್ಲಿ, ಫ್ರಾನ್ಸಿನ ವೈದ್ಯ ಜೆಲಿನೊ ಇದಕ್ಕೆ ನಾರ್ಕೊಲೆಪ್ಸಿ ಎಂಬ ಹೆಸರನ್ನಿಟ್ಟನು. ಮರವಟ್ಟ ಸ್ಥಿತಿ ಎಂಬರ್ಥದ ಒಂದು, ಹಿಡಿಯುವಿಕೆ ಎಂಬರ್ಥದ ಇನ್ನೊಂದು, ಹೀಗೆ ಎರಡು ಗ್ರೀಕ್ ಪದಗಳು ಕೂಡಿ ಆದ ಹೆಸರಿದು. ಅವನ ರೋಗಿ ದ್ರಾಕ್ಷಾರಸದ ಪೀಪಾಯಿಗಳನ್ನು ಮಾರುವ ಮೂವತ್ತೆಂಟು ವರ್ಷದ ವ್ಯಾಪಾರಿ. ದಿನವೊಂದಕ್ಕೆ ಇನ್ನೂರು ಸಲದವರೆಗೂ ಅವನನ್ನು ನಿದ್ರೆ ಹಿಡಿಯುತ್ತಿತ್ತಂತೆ. ನಕ್ಕರೆ ಅವನ ಕಾಲುಗಳು ಕುಸಿಯುತ್ತಿದ್ದುವು.

ಈ ನಕ್ಕು ಕುಸಿಯುವಿಕೆಯೇ ರೋಗದ ಅತಿ ವಿಚಿತ್ರವಾದ ಲಕ್ಷಣ. ನಗು, ಸಂತೋಷ, ಕೆಲವೊಮ್ಮೆ ಕೋಪ ಅಥವಾ ಬೆರಗು ಉಕ್ಕಿದೊಡನೆ ಸ್ನಾಯುಗಳು ಬಲವನ್ನು ಕಳೆದುಕೊಳ್ಳುತ್ತವೆ. ಕೆಲವರಿಗೆ ದವಡೆ ಜೋಲುತ್ತದೆ, ಮಾತು ತೊದಲುತ್ತದೆ. ಕೆಲವರ ಕೈಯಲ್ಲಿದ್ದ ವಸ್ತು ಜಾರುತ್ತದೆ. ಕೆಲವರು ಮೊಣಕಾಲು ಮಡಿಸಿ ನೆಲಕ್ಕೆ ಬೀಳುತ್ತಾರೆ. ಆದರೆ ಎಚ್ಚರ ತಪ್ಪುವುದಿಲ್ಲ. ಸುತ್ತಲಿನ ಮಾತುಗಳೆಲ್ಲ ಅವರಿಗೆ ಕೇಳಿಸುತ್ತಿರುತ್ತವೆ. ಒಂದೆರಡು ನಿಮಿಷಗಳೊಳಗೆ ಮೈ ಮೊದಲಿನಂತಾಗುತ್ತದೆ. ಇದನ್ನು ಕ್ಯಾಟಪ್ಲೆಕ್ಸಿ ಎನ್ನುತ್ತಾರೆ. ಇದನ್ನು ಮೂರ್ಛೆರೋಗವೆಂದು ತಪ್ಪಾಗಿ ತಿಳಿಯುವುದುಂಟು. ದೆವ್ವ ಮೆಟ್ಟಿತೆಂದು ಹೆದರುವವರೂ ಇಲ್ಲದಿಲ್ಲ.

ಉಳಿದ ಲಕ್ಷಣಗಳು ಮೂರು. ನಿದ್ರೆಗೆ ಇಳಿಯುವಾಗ ಅಥವಾ ನಿದ್ರೆಯಿಂದ ಏಳುವಾಗ ಕಣ್ಣು ತೆರೆದಿದ್ದರೂ ಕೈಕಾಲು ಆಡದಿರುವುದು ಒಂದು. ಆ ಸಮಯದಲ್ಲಿಯೇ ಕೋಣೆಯಲ್ಲಿ ಯಾರೋ ನಿಂತಂತೆ, ಎದೆಯ ಮೇಲೆ ಯಾರೋ ಕುಳಿತಂತೆ ತೋರುವ ಭ್ರಮೆ ಎರಡು. ರಾತ್ರಿಯ ನಿದ್ರೆ ಚೂರುಚೂರಾಗಿ ಒಡೆಯುವುದು ಮೂರು. ಕಡೆಯದು ಅನೇಕರಿಗೆ ತಿಳಿಯದ ಸಂಗತಿ. ಈ ರೋಗಿಗಳು ಇಪ್ಪತ್ತನಾಲ್ಕು ಗಂಟೆಗಳಲ್ಲಿ ಒಟ್ಟು ನಿದ್ರಿಸುವುದು ಬಹಳ ಹೆಚ್ಚೇನಲ್ಲ. ಹಗಲು ಹಗಲಾಗಿ, ರಾತ್ರಿ ರಾತ್ರಿಯಾಗಿ ನಿಲ್ಲದಿರುವುದೇ ಅವರ ಕಷ್ಟ. ಎಚ್ಚರ ಮತ್ತು ನಿದ್ರೆಗಳ ನಡುವಣ ಗೋಡೆ ಕುಸಿದು, ಒಂದರ ಒಳಗೆ ಇನ್ನೊಂದು ನುಗ್ಗುತ್ತಿರುತ್ತದೆ.

ನಿದ್ರೆಯನ್ನು ಅಳೆಯುವ ಬಗೆ

ಜ್ವರವನ್ನು ಅಳೆಯಲು ಉಷ್ಣಮಾಪಕವುಂಟು. ತೂಕಡಿಕೆಯನ್ನು ಅಳೆಯುವುದು ಹೇಗೆ? ‘ನನಗೆ ನಿದ್ರೆ ಬರುತ್ತದೆ’ ಎಂದು ರೋಗಿ ಹೇಳಿದ ಮಾತನ್ನಷ್ಟೇ ನಂಬಿ ವಿಜ್ಞಾನ ಮುಂದುವರಿಯಲಾರದು.

1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್ಮನ್ ಎಂಬವರು, ನಿದ್ರಿಸುತ್ತಿರುವವರ ಕಣ್ಣುಗುಡ್ಡೆಗಳು ರೆಪ್ಪೆಗಳ ಮರೆಯಲ್ಲಿ ಆಗಾಗ ಬಿರುಸಾಗಿ ಚಲಿಸುವುದನ್ನೂ, ಆ ಹೊತ್ತಿನಲ್ಲಿ ಎಬ್ಬಿಸಿದರೆ ಬಹಳ ಮಂದಿ ಕನಸನ್ನು ಹೇಳುವುದನ್ನೂ ಪ್ರಕಟಿಸಿದರು. ಈ ಅವಸ್ಥೆಯನ್ನು ನಾವು ಕನಸಿನ ನಿದ್ರೆ ಎಂದು ಕರೆಯೋಣ. ಆಗ ಮಿದುಳು ಚುರುಕಾಗಿದ್ದರೂ ಕೈಕಾಲುಗಳ ಸ್ನಾಯುಗಳು ಪೂರ್ಣವಾಗಿ ಸಡಿಲಗೊಂಡಿರುತ್ತವೆ. ಇಲ್ಲವಾದರೆ ಕನಸಿನಲ್ಲಿ ಓಡುವವನು ಹಾಸಿಗೆಯಿಂದಲೇ ಎದ್ದು ಓಡಿಯಾನು. ಆರೋಗ್ಯವಂತರಲ್ಲಿ ಈ ಅವಸ್ಥೆ ಬರುವುದು ನಿದ್ರೆ ತೊಡಗಿ ಸುಮಾರು ಒಂದೂವರೆ ಗಂಟೆಯಾದ ಮೇಲೆ. ನಾರ್ಕೊಲೆಪ್ಸಿಯ ರೋಗಿ ಕಣ್ಣು ಮುಚ್ಚಿದ ಕೆಲವೇ ನಿಮಿಷಗಳಲ್ಲಿ ಕನಸಿನ ನಿದ್ರೆಗೆ ಜಾರುತ್ತಾನೆಂಬುದನ್ನು 1960ರಲ್ಲಿ ಜೆರಾಲ್ಡ್ ವೋಗೆಲ್ ಎಂಬ ವೈದ್ಯರು ಕಂಡರು. ಕ್ಯಾಟಪ್ಲೆಕ್ಸಿಯ ಅರ್ಥವೂ ಇದರಿಂದ ಹೊಳೆಯಿತು: ಕನಸಿನ ನಿದ್ರೆಗೆ ಸೇರಿದ ಸ್ನಾಯುಗಳ ಸಡಿಲಿಕೆ ಎಚ್ಚರದ ನಡುವೆ ನುಗ್ಗಿ ಬರುವುದೇ ಅದು.

ಈ ತಿಳಿವಿನ ಮೇಲೆ ಕಾರ್ಸ್ಕಡನ್ ಮತ್ತು ವಿಲಿಯಂ ಡಿಮೆಂಟ್ ಅವರು ಒಂದು ಪರೀಕ್ಷೆಯನ್ನು ರೂಪಿಸಿದರು. ರೋಗಿಯನ್ನು ಒಂದು ರಾತ್ರಿ ಪ್ರಯೋಗಶಾಲೆಯಲ್ಲಿ ಮಲಗಿಸಿ, ತಲೆಯ ಮೇಲೆಯೂ ಕಣ್ಣುಗಳ ಬಳಿಯಲ್ಲಿಯೂ ತಂತಿಗಳನ್ನು ಅಂಟಿಸಿ, ಮಿದುಳಿನ ವಿದ್ಯುತ್ತರಂಗಗಳನ್ನು ದಾಖಲಿಸುತ್ತಾರೆ. ಮರುದಿನ ಹಗಲು ಎರಡೆರಡು ಗಂಟೆಗಳ ಅಂತರದಲ್ಲಿ ಐದು ಸಲ ಕತ್ತಲೆಯ ಕೋಣೆಯಲ್ಲಿ ಮಲಗಲು ಹೇಳುತ್ತಾರೆ. ಪ್ರತಿಸಲವೂ ನಿದ್ರೆ ಹತ್ತಲು 20 ನಿಮಿಷಗಳ ಗಡುವು. ಐದು ಸಲದ ಸರಾಸರಿ 8 ನಿಮಿಷ ಅಥವಾ ಅದಕ್ಕಿಂತ ಕಡಮೆಯಾಗಿದ್ದು, ಎರಡು ಸಲವಾದರೂ ನಿದ್ರೆ ಹತ್ತಿ 15 ನಿಮಿಷಗಳೊಳಗೆ ಕನಸಿನ ನಿದ್ರೆ ಕಾಣಿಸಿಕೊಂಡರೆ ನಾರ್ಕೊಲೆಪ್ಸಿ ಎಂಬ ಸಂದೇಹ ಬಲಗೊಳ್ಳುತ್ತದೆ. ಹಿಂದಿನ ರಾತ್ರಿಯ ದಾಖಲೆ ಏತಕ್ಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ನಿದ್ರೆಗೆಟ್ಟ ಆರೋಗ್ಯವಂತನೂ ಹಗಲಿನಲ್ಲಿ ಬೇಗನೆ ನಿದ್ರಿಸಿಯಾನು. ಉಸಿರು ಕಟ್ಟುವ ತೊಂದರೆಯವನೂ ಹಾಗೆಯೇ. ಸಾಲವನ್ನೂ ರೋಗವನ್ನೂ ಬೇರ್ಪಡಿಸಲು ಆ ರಾತ್ರಿಯ ಲೆಕ್ಕ ಬೇಕು.

ನಾಯಿಗಳು ಕಲಿಸಿದ ಪಾಠ

ಲಕ್ಷಣ ತಿಳಿಯಿತು, ಅಳತೆ ದೊರೆಯಿತು; ಕಾರಣ ಮಾತ್ರ ಮರೆಯಲ್ಲಿತ್ತು. ಅದರ ಜಾಡನ್ನು ಬಹಳ ಹಿಂದೆಯೇ ಒಬ್ಬರು ಸೂಚಿಸಿದ್ದರು. 1917ರಲ್ಲಿ ವಿಯೆನ್ನಾ ನಗರದ ವೈದ್ಯ ಫಾನ್ ಎಕೊನೊಮೊ, ರೋಗಿಗಳನ್ನು ದಿನಗಟ್ಟಲೆ ನಿದ್ರೆಯಲ್ಲಿ ಮುಳುಗಿಸುತ್ತಿದ್ದ ಒಂದು ಬಗೆಯ ಮಿದುಳಿನ ಉರಿಯೂತವನ್ನು ವರ್ಣಿಸಿದನು. ಸತ್ತವರ ಮಿದುಳುಗಳನ್ನು ಪರೀಕ್ಷಿಸಿದಾಗ, ನಿದ್ರೆ ಹೆಚ್ಚಾದವರಲ್ಲಿ ಹೈಪೊಥಲಮಸ್ ಎಂಬ ಭಾಗದ ಹಿಂಬದಿಯೂ, ನಿದ್ರೆ ಬಾರದವರಲ್ಲಿ ಅದರ ಮುಂಬದಿಯೂ ಕೆಟ್ಟಿರುವುದು ಕಂಡಿತು. ಎಚ್ಚರವನ್ನು ಕಾಯುವ ಯಾವುದೋ ಕೇಂದ್ರ ಅಲ್ಲಿರಬೇಕೆಂದು ಅವನು ತರ್ಕಿಸಿದನು. ಆ ಕೇಂದ್ರ ಯಾವುದೆಂದು ತಿಳಿಯಲು ಎಂಬತ್ತು ವರ್ಷಗಳು ಬೇಕಾದುವು.

1970ರ ದಶಕದಲ್ಲಿ ಡಿಮೆಂಟ್ ಅವರು ಸ್ಟ್ಯಾನ್‌ಫರ್ಡಿನಲ್ಲಿ ನಾರ್ಕೊಲೆಪ್ಸಿಯಿರುವ ನಾಯಿಗಳನ್ನು ಸಾಕತೊಡಗಿದರು. ಡಾಬರ್ಮನ್ ಮತ್ತು ಲ್ಯಾಬ್ರಡಾರ್ ತಳಿಗಳ ಕೆಲವು ನಾಯಿಗಳಲ್ಲಿ ಈ ರೋಗ ವಂಶಪಾರಂಪರ್ಯವಾಗಿ ಇಳಿಯುತ್ತಿತ್ತು. ರುಚಿಯಾದ ತಿಂಡಿಯನ್ನು ಮುಂದಿಟ್ಟರೆ ಸಾಕು. ಆ ಸಂಭ್ರಮಕ್ಕೆ ನಾಯಿಯ ಹಿಂಗಾಲುಗಳು ಮಡಿಸಿ, ಅದು ತಿಂಡಿಯ ಮುಂದೆಯೇ ಕುಸಿದುಬೀಳುತ್ತಿತ್ತು. ಫ್ರಾನ್ಸಿನಿಂದ ಅಲ್ಲಿಗೆ ಬಂದ ಎಮಾನ್ಯುಯೆಲ್ ಮಿನ್ಯೊ ಎಂಬ ವೈದ್ಯರು ಈ ದೋಷಕ್ಕೆ ಕಾರಣವಾದ ಜೀನನ್ನು ಸುಮಾರು ಹತ್ತು ವರ್ಷಗಳ ಕಾಲ ಹುಡುಕಿದರು.

ಅದೇ ಸಮಯದಲ್ಲಿ ಬೇರೆ ಎರಡು ಗುಂಪುಗಳು, ನಿದ್ರೆಯನ್ನು ಕುರಿತು ಯೋಚಿಸದೆಯೇ, 1998ರಲ್ಲಿ ಹೈಪೊಥಲಮಸಿನಲ್ಲಿ ಹೊಸ ರಾಸಾಯನಿಕವೊಂದನ್ನು ಕಂಡುಹಿಡಿದುವು. ಒಂದು ಗುಂಪು ಅದಕ್ಕೆ ಹೈಪೊಕ್ರೆಟಿನ್ ಎಂದು ಹೆಸರಿಟ್ಟಿತು. ಜಪಾನಿನ ಮಸಾಶಿ ಯಾನಗಿಸಾವಾ, ತಕೇಶಿ ಸಕುರಾಯಿ ಮೊದಲಾದವರ ಗುಂಪು, ಇದು ಹಸಿವನ್ನು ಕೆರಳಿಸುತ್ತದೆಂದು ಕಂಡು, ಹಸಿವೆಂಬರ್ಥದ ಗ್ರೀಕ್ ಪದದಿಂದ ಒರೆಕ್ಸಿನ್ ಎಂದು ಕರೆಯಿತು. ವಸ್ತು ಒಂದೇ, ಹೆಸರು ಎರಡು. 1999ರಲ್ಲಿ ಎರಡು ದಾರಿಗಳೂ ಒಂದೆಡೆ ಬಂದು ಕೂಡಿದುವು. ನಾಯಿಗಳಲ್ಲಿ ಕೆಟ್ಟಿದ್ದುದು ಒರೆಕ್ಸಿನ್ ಬಂದು ತಗಲಬೇಕಾದ ಗ್ರಾಹಕವೆಂದು ಮಿನ್ಯೊ ಅವರ ಗುಂಪು ತೋರಿಸಿತು. ಒರೆಕ್ಸಿನನ್ನೇ ತಯಾರಿಸದಂತೆ ಮಾರ್ಪಡಿಸಿದ ಇಲಿಗಳು ನಾರ್ಕೊಲೆಪ್ಸಿಯ ರೋಗಿಗಳಂತೆ ಥಟ್ಟನೆ ಕುಸಿಯುತ್ತವೆಂದು ಯಾನಗಿಸಾವಾ ಅವರ ಗುಂಪು ತೋರಿಸಿತು.

ಇನ್ನು ಮನುಷ್ಯರ ಸರದಿ. 2000ದಲ್ಲಿ ಸೀಜಿ ನಿಶಿನೊ, ಮಿನ್ಯೊ ಮತ್ತು ಸಂಗಡಿಗರು ಒಂಬತ್ತು ಮಂದಿ ರೋಗಿಗಳ ಬೆನ್ನುಹುರಿಯ ಸುತ್ತಣ ದ್ರವವನ್ನು ತೆಗೆದು ಅಳೆದರು. ಹೋಲಿಕೆಗಾಗಿ ಆರಿಸಿದ ಎಂಟು ಮಂದಿಯಲ್ಲಿ ಎಲ್ಲರ ದ್ರವದಲ್ಲಿಯೂ ಒರೆಕ್ಸಿನ್ ಇತ್ತು. ಒಂಬತ್ತು ರೋಗಿಗಳಲ್ಲಿ ಏಳು ಮಂದಿಯಲ್ಲಿ ಅದು ಕಾಣಲೇ ಇಲ್ಲ. ಅದೇ ವರ್ಷ, ಸತ್ತ ರೋಗಿಗಳ ಮಿದುಳುಗಳನ್ನು ನೋಡಿದ ಜೆರೋಮ್ ಸೀಗಲ್ ಅವರ ಗುಂಪು, ಒರೆಕ್ಸಿನ್ ತಯಾರಿಸುವ ನರಕೋಶಗಳಲ್ಲಿ ನೂರಕ್ಕೆ 85ರಿಂದ 95ರಷ್ಟು ಇಲ್ಲವಾಗಿರುವುದನ್ನು ಕಂಡಿತು. ಮನುಷ್ಯನ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಒರೆಕ್ಸಿನ್ ಕೋಶಗಳು ಸುಮಾರು 70,000 ಮಾತ್ರ. ಅಷ್ಟು ಚಿಕ್ಕದೊಂದು ಕಾವಲುಪಡೆ ಅಳಿದರೆ ಎಚ್ಚರದ ಕೋಟೆಯೇ ನಿಲ್ಲದೆಂಬುದು ಹೀಗೆ ಸ್ಪಷ್ಟವಾಯಿತು.

ಕಾಗದದ ಉಪಮೆಯಿಂದ ಇದನ್ನು ನೆನಪಿಡಬಹುದು. ನಾಯಿಗಳಲ್ಲಿ ಕಾಗದ ಬಂದರೂ ಅದನ್ನು ತೆಗೆದುಕೊಳ್ಳುವವನಿಲ್ಲ. ಆ ಇಲಿಗಳಲ್ಲಿ ಕಾಗದವನ್ನು ಬರೆಯುವ ವಿದ್ಯೆಯೇ ಇಲ್ಲ. ಮನುಷ್ಯರಲ್ಲಿ ಕಾಗದ ಬರೆಯುವವರೇ ಸತ್ತಿದ್ದಾರೆ. ಮೂರು ಕಡೆಯಲ್ಲಿಯೂ ಫಲ ಒಂದೇ: ‘ಎಚ್ಚರವಾಗಿರು’ ಎಂಬ ಸಂದೇಶ ಮುಟ್ಟುವುದಿಲ್ಲ. ಮಿನ್ಯೊ ಮತ್ತು ಯಾನಗಿಸಾವಾ ಅವರಿಗೆ ಈ ಕಾರ್ಯಕ್ಕಾಗಿ 2023ರ ಬ್ರೇಕ್‌ಥ್ರೂ ಪ್ರಶಸ್ತಿ ದೊರೆಯಿತು.

ಕಾವಲುಗಾರರನ್ನು ಕೊಂದವರು ಯಾರು?

1980ರ ದಶಕದಲ್ಲಿಯೇ ಜಪಾನಿನ ಹೊಂಡಾ ಮತ್ತು ಜೂಜಿ ಎಂಬ ವೈದ್ಯರು, ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಒಂದು ಬಗೆಯ ಜೀನು ನಾರ್ಕೊಲೆಪ್ಸಿಯ ರೋಗಿಗಳಲ್ಲಿ ಬಹುತೇಕ ಎಲ್ಲರಲ್ಲಿಯೂ ಇರುವುದನ್ನು ಗಮನಿಸಿದ್ದರು. ಹೊರಗಿನ ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ಸೈನ್ಯವೇ ತಪ್ಪಿ ಒರೆಕ್ಸಿನ್ ಕೋಶಗಳ ಮೇಲೆ ಬೀಳುತ್ತದೆಂಬ ಊಹೆ ಇದರಿಂದ ಹುಟ್ಟಿತು. 2018ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು, ಒರೆಕ್ಸಿನನ್ನು ಗುರುತು ಹಿಡಿಯುವ ರಕ್ಷಕಕಣಗಳನ್ನು ರೋಗಿಗಳ ರಕ್ತದಲ್ಲಿ ತೋರಿಸಿದುದರಿಂದ ಈ ಊಹೆ ಬಲಗೊಂಡಿತು.

2009ರ ಎಚ್1ಎನ್1 ಇನ್‌ಫ್ಲುಯೆಂಜ ಪಿಡುಗಿನ ಬಳಿಕ ಮತ್ತೊಂದು ಸುಳಿವು ದೊರೆಯಿತು. ಚೀನದ ಬೀಜಿಂಗಿನಲ್ಲಿ ಆ ಪಿಡುಗು ಕಳೆದ ಮೇಲೆ ಹೊಸ ರೋಗಿಗಳ ಸಂಖ್ಯೆ ಸುಮಾರು ಮೂರು ಪಟ್ಟಾಯಿತು. ಅವರಲ್ಲಿ ಹೆಚ್ಚಿನವರು ಲಸಿಕೆ ಹಾಕಿಸಿಕೊಂಡವರಲ್ಲ. ಫಿನ್ಲೆಂಡ್ ಮತ್ತು ಸ್ವೀಡನ್ ದೇಶಗಳಲ್ಲಿಯಾದರೋ, ಆಗ ಕೊಟ್ಟ ಪ್ಯಾಂಡೆಮ್ರಿಕ್ಸ್ ಎಂಬ ಒಂದು ಲಸಿಕೆಯ ಬಳಿಕ ಮಕ್ಕಳಲ್ಲಿ ರೋಗ ಹೆಚ್ಚಿದುದು 2010ರಲ್ಲಿ ಗೊತ್ತಾಯಿತು. ಫಿನ್ಲೆಂಡಿನ ಲೆಕ್ಕದಂತೆ ಲಸಿಕೆ ಪಡೆದ ನಾಲ್ಕರಿಂದ ಹತ್ತೊಂಬತ್ತು ವರ್ಷದವರಲ್ಲಿ ಸುಮಾರು 16,000ಕ್ಕೆ ಒಬ್ಬರಿಗೆ ಹೀಗಾಯಿತು. ಆ ಲಸಿಕೆ ಈಗ ಬಳಕೆಯಲ್ಲಿಲ್ಲ. ಈ ಸಂಗತಿಯನ್ನು ಹಿಡಿದು ಎಲ್ಲ ಲಸಿಕೆಗಳಿಗೂ ಹೆದರುವುದು ವಿವೇಕವಲ್ಲ. ದೋಷವನ್ನು ಮುಚ್ಚಿಡದೆ ಎಣಿಸಿ, ಹೇಳಿ, ತಿದ್ದಿಕೊಂಡುದೇ ಇಲ್ಲಿ ನಾವು ಕಲಿಯಬೇಕಾದ ಪಾಠ.

ಜೀನಿನ ಮಾತು ಬಂದುದರಿಂದ ತಾಯ್ತಂದೆಗಳಿಗೆ ಒಂದು ಸಮಾಧಾನವನ್ನೂ ಹೇಳಬೇಕು. ಆ ಜೀನುಳ್ಳ ಬಹುಪಾಲು ಜನರಿಗೆ ಈ ರೋಗ ಎಂದೂ ಬರುವುದಿಲ್ಲ. ರೋಗಿಯ ಮಕ್ಕಳಿಗಾಗಲಿ ಒಡಹುಟ್ಟಿದವರಿಗಾಗಲಿ ಬರುವ ಸಂಭವ ನೂರಕ್ಕೆ ಒಂದೆರಡು ಮಾತ್ರ. ಆದುದರಿಂದ ಇದನ್ನು ಮನೆತನದ ಕಳಂಕವೆಂದು ಬಚ್ಚಿಡಲು ಯಾವ ಕಾರಣವೂ ಇಲ್ಲ.

ಔಷಧಗಳ ಪರೀಕ್ಷೆ

ನಾರ್ಕೊಲೆಪ್ಸಿಗೆ 1935ರಿಂದ ಆಂಫೆಟಮಿನ್ ಎಂಬ ಉತ್ತೇಜಕವನ್ನು ಕೊಡತೊಡಗಿದರು. ಅನಂತರ ಫ್ರಾನ್ಸಿನಲ್ಲಿ ಹುಟ್ಟಿದ ಮೊಡಾಫಿನಿಲ್ ಬಂದಿತು. ರಾತ್ರಿಯ ನಿದ್ರೆಯನ್ನು ಗಟ್ಟಿಗೊಳಿಸುವ ಸೋಡಿಯಂ ಆಕ್ಸಿಬೇಟ್, ಎಚ್ಚರದ ಇನ್ನೊಂದು ರಾಸಾಯನಿಕವಾದ ಹಿಸ್ಟಮಿನನ್ನು ಹೆಚ್ಚಿಸುವ ಪಿಟೊಲಿಸೆಂಟ್ ಮುಂತಾದುವು ಈ ಶತಮಾನದಲ್ಲಿ ಸೇರಿಕೊಂಡುವು. ಇವೆಲ್ಲ ಲಕ್ಷಣಗಳನ್ನು ತಗ್ಗಿಸುತ್ತವೆ. ಕಳೆದುಹೋದ ಒರೆಕ್ಸಿನನ್ನು ತುಂಬಿಕೊಡುವುದಿಲ್ಲ.

ಅದನ್ನು ತುಂಬುವ ಪ್ರಯತ್ನದ ಕಥೆ ವಿದ್ಯಾರ್ಥಿಗಳು ಮನನ ಮಾಡತಕ್ಕುದು. ಒರೆಕ್ಸಿನ್ನಿನ ಕೆಲಸವನ್ನು ತಾನೇ ಮಾಡಬಲ್ಲ ಟಾಕ್-994 ಎಂಬ ಗುಳಿಗೆಯನ್ನು 73 ರೋಗಿಗಳ ಮೇಲೆ ಪರೀಕ್ಷಿಸಿದರು. ಕೆಲವರಿಗೆ ಔಷಧ, ಕೆಲವರಿಗೆ ಅದೇ ರೂಪದ ಹುಸಿಗುಳಿಗೆ. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ಪರೀಕ್ಷಿಸುವ ವೈದ್ಯರಿಗೂ ತಿಳಿಯದು. ಆಸೆ ಮತ್ತು ಪಕ್ಷಪಾತಗಳು ಅಳತೆಯನ್ನು ಕೆಡಿಸಬಾರದೆಂದು ಈ ಏರ್ಪಾಡು. ಮಂದ ಬೆಳಕಿನ ಕೋಣೆಯಲ್ಲಿ 40 ನಿಮಿಷ ಸುಮ್ಮನೆ ಕುಳಿತು ಎಷ್ಟು ಹೊತ್ತು ಎಚ್ಚರವಿರಬಲ್ಲರೆಂದು ನೋಡಿದರು. ಔಷಧ ಪಡೆದವರ ಎಚ್ಚರ ಬಹಳವಾಗಿ ಹೆಚ್ಚಿತು. ಆದರೆ ಕೆಲವರ ಯಕೃತ್ತಿಗೆ ಹಾನಿಯಾಗುತ್ತಿರುವುದು ರಕ್ತಪರೀಕ್ಷೆಯಲ್ಲಿ ಕಂಡುಬಂದುದರಿಂದ, 2021ರಲ್ಲಿ ಆ ಪರೀಕ್ಷೆಯನ್ನು ನಡುವಿನಲ್ಲಿಯೇ ನಿಲ್ಲಿಸಿದರು. ಗುಣ ಎಷ್ಟೇ ಇರಲಿ, ತಾನಾಗಿ ಒಪ್ಪಿ ಬಂದ ರೋಗಿಯ ಜೀವಕ್ಕಿಂತ ಅದು ಮೇಲಲ್ಲ.

ಸಂಶೋಧಕರು ಅಲ್ಲಿಗೇ ಕೈಚೆಲ್ಲಲಿಲ್ಲ. ಅದೇ ತತ್ತ್ವದ ಮೇಲೆ ರೂಪಿಸಿದ ಒವೆಪೊರೆಕ್ಸ್‌ಟನ್ ಎಂಬ ಬೇರೊಂದು ಗುಳಿಗೆಯನ್ನು 112 ರೋಗಿಗಳಲ್ಲಿ ಎಂಟು ವಾರ ಪರೀಕ್ಷಿಸಿದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಎಚ್ಚರ ಹೆಚ್ಚಿತು, ಕ್ಯಾಟಪ್ಲೆಕ್ಸಿ ತಗ್ಗಿತು. ಯಕೃತ್ತಿನ ಹಿಂದಿನ ತೊಂದರೆ ಕಾಣಲಿಲ್ಲ. ನಾಯಿಯ ಮುಂದೆ ತಿಂಡಿಯಿಟ್ಟು ನೋಡಿದವರ ತಾಳ್ಮೆ ಐವತ್ತು ವರ್ಷಗಳ ಬಳಿಕ ರೋಗಿಯ ಕೈಗೆ ಗುಳಿಗೆಯಾಗಿ ಬರುವ ಹಾದಿ ಇದು.

ನಾವು ಮಾಡಬೇಕಾದುದೇನು?

ಮಗು ಸಾಕಷ್ಟು ನಿದ್ರಿಸಿದ ಮೇಲೆಯೂ ಮೂರು ತಿಂಗಳಿಗೂ ಮೇಲ್ಪಟ್ಟು ದಿನವೂ ತೂಕಡಿಸುತ್ತಿದ್ದರೆ, ನಕ್ಕಾಗ ಮೊಗ ಜೋಲಿದರೆ ಅಥವಾ ಮೊಣಕಾಲು ಕುಸಿದರೆ, ಬೈಯುವ ಮೊದಲು ವೈದ್ಯರ ಬಳಿಗೆ ಕರೆದೊಯ್ಯಬೇಕು. ಎರಡು ವಾರ ಮಲಗಿದ ಹೊತ್ತು, ಎದ್ದ ಹೊತ್ತು, ತೂಕಡಿಸಿದ ಹೊತ್ತುಗಳನ್ನು ಒಂದು ಪುಸ್ತಕದಲ್ಲಿ ಬರೆದು ಕೊಂಡೊಯ್ದರೆ ಅವರಿಗೆ ತುಂಬ ಉಪಯೋಗ. ದೊಡ್ಡ ವೈದ್ಯಕೀಯ ಕಾಲೇಜುಗಳ ನರರೋಗ ವಿಭಾಗಗಳಲ್ಲಿ ಇದರ ವಿಚಾರಣೆ ಸಾಧ್ಯ; ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಮೊದಲಾದೆಡೆಗಳಲ್ಲಿ ನಿದ್ರೆಯ ಪರೀಕ್ಷೆಯ ಏರ್ಪಾಡು ಉಂಟು. ಔಷಧವನ್ನು ವೈದ್ಯರ ಮಾತಿಲ್ಲದೆ ತೊಡಗಲೂ ಬಾರದು, ನಿಲ್ಲಿಸಲೂ ಬಾರದು. ಪರೀಕ್ಷೆಯ ಕಾಲದಲ್ಲಿ ಎಚ್ಚರವಿರಲೆಂದು ಆರೋಗ್ಯವಂತ ವಿದ್ಯಾರ್ಥಿಗಳು ಇಂಥ ಗುಳಿಗೆಗಳನ್ನು ನುಂಗುವುದಂತೂ ಅಪಾಯಕರ.

ರೋಗವಿದೆಯೆಂದು ತಿಳಿದ ಮಗುವನ್ನು ಕೆರೆ ಬಾವಿಗಳಲ್ಲಿ ಒಂಟಿಯಾಗಿ ಈಜಲು, ಮರ ಹತ್ತಲು, ಒಲೆಯ ಮುಂದೆ ಒಬ್ಬಳೇ ಇರಲು ಬಿಡಬಾರದು. ಶಾಲೆಯಲ್ಲಿ ಮಧ್ಯಾಹ್ನ ಹದಿನೈದು ಇಪ್ಪತ್ತು ನಿಮಿಷ ಮಲಗಲು ಎಡೆಮಾಡಿಕೊಟ್ಟರೆ ಅನಂತರದ ಒಂದೆರಡು ಪಾಠಗಳನ್ನು ಅದು ಚೆನ್ನಾಗಿ ಕೇಳಬಲ್ಲುದು. ಬುದ್ಧಿಶಕ್ತಿಗೆ ಈ ರೋಗದಿಂದ ಕುಂದಿಲ್ಲ. ಇಂಥವರು ಓದಿ ಮುಂದೆ ಬರಬಲ್ಲರು, ವೃತ್ತಿಗಳಲ್ಲಿ ನಿಲ್ಲಬಲ್ಲರು.

ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಬೆಂಚಿನ ಗೆಳೆಯನು ನಗುತ್ತಲೇ ಕುಸಿದರೆ ಅವನ ಸುತ್ತ ನಿಂತು ಕೈ ತಟ್ಟಬೇಡಿರಿ. ತಲೆ ನೆಲಕ್ಕೆ ಬಡಿಯದಂತೆ ಹಿಡಿದುಕೊಂಡು, ಮೆಲ್ಲಗೆ ಕುಳ್ಳಿರಿಸಿ, ಒಂದೆರಡು ನಿಮಿಷ ಅವನ ಬಳಿಯಲ್ಲಿರಿ. ನೀವು ಆಡುವ ಪ್ರತಿಯೊಂದು ಮಾತೂ ಆಗ ಅವನಿಗೆ ಕೇಳಿಸುತ್ತಿರುತ್ತದೆ.